ಪ್ರತಿ: ಮಗಳಿಗೆ, ಅಗತ್ಯ ಕ್ರಮಕ್ಕಾಗಿ

ನನ್ನ ಇಮೇಲ್ ವಿಳಾಸ ಗೊತ್ತಿದ್ದವರು ಈ ಭೂಮಂಡಲದಲ್ಲಿ ಹನ್ನೊಂದೇ ಜನ. ಅವರಲ್ಲಿ ಇಬ್ಬರ ಮೇಲೆ ನನಗೆ ಅನುಮಾನವೂ ಇತ್ತು. ಏಳು ವರ್ಷಗಳಲ್ಲಿ ನನಗೆ ಒಂದೇ ಒಂದು ಲಾಟರಿ ಹೊಡೆದಿರಲಿಲ್ಲ. ಯಾವ ದೇಶದ ವಿಧವೆಯೂ ತನ್ನ ಆಸ್ತಿಯನ್ನು ನನ್ನ ಇನ್‌ಬಾಕ್ಸಿಗೆ ತಂದು ಸುರಿದಿರಲಿಲ್ಲ. ಇದನ್ನು ನಾನು ಅದೃಷ್ಟ ಎನ್ನುವುದಿಲ್ಲ. ತತ್ವ ಎನ್ನುತ್ತೇನೆ.

ಕಾಲೇಜಿನಲ್ಲಿದ್ದಷ್ಟು ಕಾಲವೂ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳು ನಾನು. ಯಾರು ಏನು ಕೇಳಿದರೂ ಕೊಡುವ ಮೊದಲು ‘ಏಕೆ’ ಎಂದು ಕೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಚೆಂಬೂರು ಸ್ಟೇಷನ್ ಹತ್ತಿರದ ಚಪ್ಪಲಿ ಅಂಗಡಿಯಲ್ಲಿ ಬಿಲ್ ಮಾಡುವ ಹುಡುಗಿ ಇಮೇಲ್ ಐಡಿ ಕೇಳಿದಾಗ, ಚಪ್ಪಲಿ ಹಾಕಿಕೊಳ್ಳುವುದು ನನ್ನ ಕಾಲೋ, ನನ್ನ ಇಮೇಲೋ ಎಂದು ಹಿಂದಿಯಲ್ಲಿ ಎಂಟು ನಿಮಿಷ ವಾದಿಸಿದೆ. ಹಿಂದೆ ಸಾಲು ಬೆಳೆಯಿತು.

"ಇನ್ನೊಂದು ಮಾತಾಡಿದ್ರೆ ನಾನು ಬರಿಗಾಲಲ್ಲೇ ಮನೆಗೆ ಹೋಗ್ತೀನಿ ಕಣೇ," ಎಂದಳು, ತನ್ನ ಹೊಸ ಜೋಡಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಅಮ್ಮ.

ಅಂಗಡಿಯ ಹುಡುಗಿಯನ್ನು ವಾದದಲ್ಲಿ ಸೋಲಿಸಬಹುದು. ಆದರೆ ಕಂಪ್ಯೂಟರಿನ ಫಾರಂ ಮಹಾ ಮೊಂಡು. ನಕ್ಷತ್ರ ಗುರುತಿನ ಜಾಗ ಖಾಲಿ ಬಿಟ್ಟರೆ ಅದು ಮುಂದಕ್ಕೇ ಹೋಗುವುದಿಲ್ಲ. ಅದಕ್ಕಾಗಿ ಇನ್ನೊಂದು ಖಾತೆ ತೆರೆದಿದ್ದೆ, ಕಸದ ಬುಟ್ಟಿಯ ಹಾಗೆ. ಕೂಪನ್ನು, ಆಫರು, ಉಚಿತ ಜ್ಯೋತಿಷ್ಯ ಎಲ್ಲವೂ ಅಲ್ಲಿಗೆ. ಖಾತೆಗೆ ಒಂದು ಹೆಸರು ಬೇಕೆಂದಿತು, ಅಪ್ಪನ ಹೆಸರು ಕೊಟ್ಟೆ: ಶ್ರೀಕಂಠಯ್ಯ. ಅವರಿಗೆ ಇಮೇಲೇ ಇರಲಿಲ್ಲವಾದ್ದರಿಂದ ಯಾರಿಗೂ ನಷ್ಟವಿಲ್ಲ ಎಂದು ಲೆಕ್ಕ ಹಾಕಿದ್ದೆ.

ಆಗ ನಾನು ಗೋರೆಗಾಂವ್‌ನ ಆಫೀಸೊಂದರಲ್ಲಿ ಬೇರೆಯವರ ಬರಹದ ತಪ್ಪು ತಿದ್ದುತ್ತಿದ್ದೆ. ಅದೇ ಸಮಯಕ್ಕೆ ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಚರ್ಚಾಪಟುಗಳನ್ನು ತಯಾರು ಮಾಡುವ ಕೆಲಸ ಖಾಲಿಯಾಯಿತು. ಜೀವನದಲ್ಲಿ ನಾನು ನಿಜಕ್ಕೂ ಬಯಸಿದ್ದ ಕೆಲಸ ಅದೊಂದೇ. ಸಂದರ್ಶನ ಚೆನ್ನಾಗಿಯೇ ಆಯಿತು. ವಾರದೊಳಗೆ ಮೇಲ್ ಬರುತ್ತದೆ, ಬಂದ ಎರಡು ದಿನದಲ್ಲಿ ಒಪ್ಪಿಗೆ ತಿಳಿಸಬೇಕು ಎಂದರು. ಅರ್ಜಿಯಲ್ಲಿ ಫೋನ್ ನಂಬರ್ ಬರೆದಿರಲಿಲ್ಲ. ತತ್ವ. ‘ಪರ್ಯಾಯ ಇಮೇಲ್’ ಎಂಬಲ್ಲಿ ನಕ್ಷತ್ರವಿತ್ತು, ಹಲ್ಲು ಕಚ್ಚಿಕೊಂಡು ಕಸದ ಬುಟ್ಟಿಯ ವಿಳಾಸ ತುಂಬಿದ್ದೆ.

ಸೋಮವಾರ ಸಂಜೆ ಲೋಕಲ್ ರೈಲಿನಲ್ಲಿ ಮನೆಗೆ ಬರುತ್ತಾ, ದಿನವಿಡೀ ಆಫ್ ಮಾಡಿದ್ದ ಫೋನ್ ಆನ್ ಮಾಡಿದೆ. ಕುರ್ಲಾ ಬರುವಷ್ಟರಲ್ಲಿ ಫೋನಿಗೆ ಜ್ವರ ಬಂದಂತೆ ನಡುಕ. ಅರವತ್ತನಾಲ್ಕು ಮೇಲ್. ಕಳಿಸಿದವರು, ಶ್ರೀಕಂಠಯ್ಯ.

ನನ್ನದೇ ಕಸದ ಬುಟ್ಟಿ ನನಗೆ ಪತ್ರ ಬರೆಯುತ್ತಿತ್ತು.

ಒಂದನ್ನು ತೆರೆದೆ. ಯುದ್ಧದಲ್ಲಿ ಸತ್ತ ಯಾವುದೋ ಜನರಲ್‌ನ ಹೆಂಡತಿಗೆ ಅಪ್ಪ ಕಚೇರಿ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಿದ್ದರು. ಸಾರಾಂಶ ಇಷ್ಟು: ‘ತಮ್ಮ ಪತಿಯವರ ನಿಧನಕ್ಕೆ ಸಂತಾಪಗಳು. ಮರಣ ಪ್ರಮಾಣಪತ್ರದ ಮೂರು ದೃಢೀಕೃತ ಪ್ರತಿಗಳನ್ನು ಕಳುಹಿಸತಕ್ಕದ್ದು.’ ಕೂದಲು ಬೆಳೆಸುವ ಎಣ್ಣೆಯವರಿಗೆ, ‘ಕಳೆದ ಇಪ್ಪತ್ತು ವರ್ಷಗಳಿಂದ ಈ ತಲೆಗೆ ಸದರಿ ವಸ್ತುವಿನ ಅವಶ್ಯಕತೆ ಕಂಡುಬಂದಿರುವುದಿಲ್ಲ.’ ಪ್ರತಿಯೊಂದರ ಕೊನೆಯಲ್ಲಿಯೂ ಒಂದು ಸಾಲು: ‘ಪ್ರತಿ: ಮಗಳಿಗೆ, ಮಾಹಿತಿ ಮತ್ತು ಅಗತ್ಯ ಕ್ರಮಕ್ಕಾಗಿ.’ ಪಕ್ಕದಲ್ಲಿ, ಹನ್ನೊಂದೇ ಜನಕ್ಕೆ ಗೊತ್ತಿದ್ದ ನನ್ನ ವಿಳಾಸ.

ಅಪ್ಪ ಆ ಹನ್ನೊಂದರಲ್ಲಿ ಒಬ್ಬರು. ನಾನು ಅನುಮಾನಿಸಿದ್ದ ಇಬ್ಬರಲ್ಲಿ ಅವರು ಇರಲಿಲ್ಲ.

ಅವರು ಮೂವತ್ತೈದು ವರ್ಷ ಕಾರ್ಖಾನೆಯೊಂದರ ಟಪಾಲು ವಿಭಾಗದಲ್ಲಿದ್ದು, ಹೆಡ್ ಕ್ಲರ್ಕ್ ಆಗಿ ನಿವೃತ್ತರಾದವರು. ಬಂದ ಕಾಗದಕ್ಕೆ ಇನ್‌ವರ್ಡ್ ನಂಬರ್, ಹೋದ ಕಾಗದಕ್ಕೆ ಔಟ್‌ವರ್ಡ್ ನಂಬರ್, ಮೂರು ದಿನದೊಳಗೆ ಉತ್ತರ. ಪೇಪರ್ ಓದಿಕೊಳ್ಳಲಿ ಎಂದು ನನ್ನ ಹಳೇ ಟ್ಯಾಬ್ ಕೊಟ್ಟಿದ್ದೆ. ಕಸದ ಖಾತೆ ಅದರಲ್ಲಿ ತೆರೆದೇ ಇತ್ತು.

ಮನೆಗೆ ಬಂದಾಗ ಅಪ್ಪ ಊಟದ ಮೇಜಿನ ಮುಂದೆ, ಪಕ್ಕದಲ್ಲಿ ಗೀಟು ಎಳೆದ ದಪ್ಪ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದರು.

"ಏನ್ ಮಾಡ್ತಿದೀರಪ್ಪಾ?"

"ಪೆಂಡಿಂಗ್ ಕ್ಲಿಯರ್ ಮಾಡ್ತಿದೀನಮ್ಮ. ನಾಲ್ಕು ಸಾವಿರ ಪತ್ರ ಉತ್ತರ ಇಲ್ದೆ ಬಿದ್ದಿದೆ. ಅದೂ ನನ್ನ ಹೆಸರಿಗೆ ಬಂದಿರೋದು. ನಾಚಿಕೆಗೇಡು."

"ಅವರೆಲ್ಲ ಫ್ರಾಡ್ ಲೋಗ್ ಅಪ್ಪಾ. ಕಳ್ಳರು."

"ಇರಬಹುದು. ಕಳ್ಳರ ಪತ್ರಕ್ಕೆ ಉತ್ತರ ಕೊಡಬಾರದು ಅಂತ ರೂಲ್ ಎಲ್ಲಿದೆ, ತೋರಿಸು."

ಅಷ್ಟು ಕಪ್ ಗೆದ್ದವಳು ವಿಷಯ ಬದಲಿಸಿದೆ.

"ಓಟಿಪಿ, ಅಕೌಂಟ್ ನಂಬರ್ ಏನಾದ್ರೂ ಕೊಟ್ರಾ?"

"ಕೊಡೋದಾ? ದಾಖಲೆ ಕೇಳೋದು ಮಾತ್ರ ನನ್ನ ಕೆಲಸ. ಮೂವತ್ತೈದು ವರ್ಷದಲ್ಲಿ ನಾನು ಯಾರಿಗೂ ಏನೂ ಕೊಟ್ಟವನಲ್ಲ."

"ಮತ್ತೆ ನನ್ನ ವಿಳಾಸ ಯಾಕೆ ಹಾಕಿದ್ರಿ?"

"ಸಂಬಂಧಪಟ್ಟವರಿಗೆ ಪ್ರತಿ ಹೋಗದೆ ಒಂದು ಕಾಗದ ನನ್ನ ಟೇಬಲ್ ದಾಟಿಲ್ಲಮ್ಮ."

ಟ್ಯಾಬ್ ಕಿತ್ತುಕೊಳ್ಳಲು ಕೈ ಚಾಚಿದೆ. ಅಮ್ಮ ಅಡುಗೆಮನೆಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದಳು: "ರಿಟೈರ್ ಆದ್ಮೇಲೆ ಇವತ್ತೇ ಮೊದಲು, ಬೆಳಿಗ್ಗೆ ಎದ್ದು ಶೇವ್ ಮಾಡಿ ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂತಿದಾರೆ. ಅದನ್ನ ಮುಟ್ಟಬೇಡ."

ಮುಟ್ಟಲಿಲ್ಲ. ಹೊರಗೆ ಬಂದು ಆಜ್ಞೆ ಹೊರಡಿಸಿದೆ: "ಇವತ್ತಿಂದ ಈ ಮನೇಲಿ ಮೇಲ್ ವಿಷಯ ಯಾರೂ ಬಾಯಿ ಬಿಡಬಾರದು."

"ಬರಹದಲ್ಲಿ ಕೊಡ್ತೀಯಾ?" ಎಂದರು ಅಪ್ಪ.

ಕೊಟ್ಟೆ. ಸಹಿ ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

ಅಷ್ಟರಲ್ಲಿ ಜಗತ್ತಿನ ಸಮಸ್ತ ವಂಚಕರಿಗೂ ನನ್ನ ವಿಳಾಸ ತಲುಪಿತ್ತು. ಮಂಗಳವಾರ ನನಗೆ ಏಳು ಲಾಟರಿ ಹೊಡೆಯಿತು. ಬುಧವಾರ ಆ ಜನರಲ್‌ನ ಹೆಂಡತಿಯೇ ಬರೆದಳು: ನಿಮ್ಮ ತಂದೆಯವರು ಬಹಳ ಪ್ರಶ್ನೆ ಕೇಳುತ್ತಾರೆ, ವ್ಯವಹಾರ ನಿಮ್ಮ ಜೊತೆಗೇ ಮಾಡೋಣ. ನಾನು ಯುದ್ಧ ಸಾರಿದೆ. ‘ಅಭಿನಂದನೆ’, ‘ಆಯ್ಕೆ’, ‘ತುರ್ತು’, ‘ಕೂಡಲೇ ಉತ್ತರಿಸಿ’ ಎಂಬರ್ಥದ ಇಂಗ್ಲಿಷ್ ಪದ ಇರುವ ಮೇಲೆಲ್ಲ, ಜೊತೆಗೆ ಶ್ರೀಕಂಠಯ್ಯ ಎಂಬ ಹೆಸರಿನಿಂದ ಬರುವುದೆಲ್ಲ, ನೇರ ಕಸಕ್ಕೆ ಹೋಗುವಂತೆ ಫಿಲ್ಟರ್ ಹಾಕಿದೆ. ಆ ಕಸವನ್ನು ದಿನಕ್ಕೆರಡು ಸಲ ಕಣ್ಣೆತ್ತಿಯೂ ನೋಡದೆ ಖಾಲಿ ಮಾಡಿದೆ. ಇನ್‌ಬಾಕ್ಸ್ ಮತ್ತೆ ಗುಡಿಸಿದ ಅಂಗಳದಂತಾಯಿತು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಒಂದು ವಾರ ಕಳೆಯಿತು. ಕಾಲೇಜಿನಿಂದ ಮೇಲ್ ಇಲ್ಲ. ಹತ್ತನೇ ದಿನವೂ ಇಲ್ಲ.

ಹನ್ನೊಂದನೇ ದಿನ ಆಫೀಸಿಗೆ ರಜೆ ಹಾಕಿ ಪಾರ್ಲೆಯ ದಾರಿ ಹಿಡಿದೆ. ಅಭ್ಯರ್ಥಿಗಳಿಗೆ ಉತ್ತರ ಕೊಡುವುದು ಸಂಸ್ಥೆಯ ನೈತಿಕ ಹೊಣೆ ಎಂಬ ವಿಷಯದ ಮೇಲೆ ಚೆಂಬೂರಿನಿಂದ ದಾದರ್‌ವರೆಗೆ ಪರ, ಅಲ್ಲಿಂದ ಪಾರ್ಲೆವರೆಗೆ ಪ್ರತಿವಾದಿಗಳ ಖಂಡನೆ ತಯಾರಿಸಿಕೊಂಡೆ. ಕಾಲೇಜಿನ ಆಫೀಸು ನೋಡಿಕೊಳ್ಳುವ ಸಾವಂತ್ ಮೇಡಂ ಮುಂದೆ ನಿಂತು ಹೆಸರು ಹೇಳಿ, ಮೊದಲ ವಾಕ್ಯಕ್ಕೆ ಉಸಿರೆಳೆದುಕೊಂಡೆ.

"ಅರೇ, ಶ್ರೀಕಂಠಯ್ಯಾ ಸರ್ ಕೀ ಬೇಟಿ?" ಎಂದು ಅವರು ಎದ್ದು ನಿಂತು ಕುರ್ಚಿ ತೋರಿಸಿದರು.

ಪರ, ಖಂಡನೆ ಎರಡನ್ನೂ ನುಂಗಿಕೊಂಡು ಕೂತೆ.

ನಾನು ಆಯ್ಕೆಯಾಗಿದ್ದೆ. ಅಭಿನಂದನೆ ಹೇಳಿ ಕೂಡಲೇ ಉತ್ತರಿಸಿ ಎಂದು ಕಾಲೇಜು ಬರೆದಿತ್ತು. ನನ್ನ ಫಿಲ್ಟರ್ ಆ ಪದಗಳನ್ನು ಗುರುತಿಸಿ, ನಿಷ್ಠೆಯಿಂದ ತಿಂದು ಹಾಕಿತ್ತು. ತುರ್ತು ಎಂದು ನೆನಪಿಸಿದ ಎರಡನೇ ಮೇಲನ್ನೂ ಬಿಟ್ಟಿರಲಿಲ್ಲ. ಕೊನೆಗೆ ಅವರು ಪರ್ಯಾಯ ವಿಳಾಸಕ್ಕೆ ಬರೆದಿದ್ದರು. ಉತ್ತರ ಅದೇ ದಿನ ಬಂದಿತ್ತು. ಮೇಡಂ ಅದನ್ನು ಪ್ರಿಂಟ್ ತೆಗೆದು ಫೈಲಿನಲ್ಲಿ ಇಟ್ಟಿದ್ದರು.

‘ನನ್ನ ಮಗಳು ಸದರಿ ಹುದ್ದೆಯನ್ನು ಸಂತೋಷದಿಂದ ಒಪ್ಪಿರುತ್ತಾಳೆ. ಆಕೆ ವಾದ ಮಾಡುವುದರಲ್ಲಿ ಸಮರ್ಥಳು. ಪತ್ರ ಓದುವುದರಲ್ಲಿ ಅಷ್ಟಾಗಿ ಇಲ್ಲ. ಆದಕಾರಣ ಮುಂದಿನ ಪತ್ರವ್ಯವಹಾರವನ್ನು ನನ್ನ ಮೂಲಕ ನಡೆಸತಕ್ಕದ್ದು. ಪ್ರತಿ: ಮಗಳಿಗೆ.’

"ಐಸಾ ಲೆಟರ್ ಆಜ್‌ಕಲ್ ಕೌನ್ ಲಿಖ್ತಾ ಹೈ," ಎಂದು, ಇಂಥ ಪತ್ರ ಬರೆಯುವವರು ಈಗ ಎಲ್ಲಿದ್ದಾರೆ ಎಂಬಂತೆ ಮೇಡಂ ನಿಟ್ಟುಸಿರು ಬಿಟ್ಟರು. "ಇಡೀ ಆಫೀಸಿಗೆ ತೋರಿಸಿದೆ."

ಮನೆಗೆ ಬಂದು ಕೇಳಿದೆ: "ಒಂದು ಮಾತು ಬಾಯಲ್ಲಿ ಹೇಳಬಾರದಿತ್ತಾ ಅಪ್ಪಾ?"

ಅಪ್ಪ ನೋಟ್‌ಬುಕ್ಕಿನಿಂದ ತಲೆ ಎತ್ತದೆ ಫ್ರಿಜ್ಜಿನ ಕಡೆ ಪೆನ್ನು ತೋರಿಸಿದರು. "ನಿನ್ನ ಸಹಿ ಇದೆ."

ಕೆಲಸದ ಮೊದಲ ದಿನ ವಿದ್ಯಾರ್ಥಿಗಳಿಗೆ ಹೇಳಿದೆ: ಯಾರು ಏನು ಹೇಳಿದರೂ ಒಪ್ಪುವ ಮೊದಲು ‘ಏಕೆ’ ಎಂದು ಕೇಳಿ. ಪಾಠ ಮುಗಿದ ಮೇಲೆ ಅವರು ನನ್ನ ಇಮೇಲ್ ಕೇಳಿದರು. ಬೋರ್ಡಿನ ಮೇಲೆ ಅಪ್ಪನ ವಿಳಾಸ ಬರೆದೆ.

ಮುಂದಿನ ಬೆಂಚಿನ ಹುಡುಗಿ ಕೈ ಎತ್ತಿದಳು. "ಮ್ಯಾಮ್, ಇದು ಬೇರೆಯವರ ಹೆಸರಲ್ಲಿದೆ. ಏಕೆ?"

ಸೀಮೆಸುಣ್ಣ ಕೆಳಗಿಟ್ಟೆ.

"ಬರವಣಿಗೆಯಲ್ಲಿ ಕೇಳು," ಎಂದೆ. "ಮೂರು ದಿನದೊಳಗೆ ಉತ್ತರ ಬರುತ್ತೆ."