ಜೇನುತುಪ್ಪಕ್ಕೆ ಜಗ್ಗದ ಜಠರವಾಸಿಗಳಿಗೆ

ನನ್ನ ಜಠರದ ಒಳಗೋಡೆಯಲ್ಲಿ ಸಪರಿವಾರ ಬಿಡಾರ ಹೂಡಿರುವ ಬ್ಯಾಕ್ಟೀರಿಯಾ ಮಹಾಶಯರ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಬಂಧುಬಳಗವೂ ಕ್ಷೇಮವಾಗಿರುವುದನ್ನು ನಿನ್ನೆ ಆಸ್ಪತ್ರೆಯಿಂದ ಬಂದ ಉಸಿರಿನ ಪರೀಕ್ಷೆಯ ವರದಿಯಿಂದ ತಿಳಿದೆ. ನನ್ನ ಕ್ಷೇಮ ವಿಚಾರಿಸುವ ಅಭ್ಯಾಸ ತಮಗಿಲ್ಲವಾದ್ದರಿಂದ ನೇರವಾಗಿ ದೂರಿಗೆ ಬರುತ್ತೇನೆ. ಊಟಕ್ಕೆ ಕುಳಿತ ಕೂಡಲೇ ಎದೆಯವರೆಗೆ ಉರಿ ಹತ್ತಿಸುವುದು, ನೆಂಟರೆದುರು ನನ್ನಿಂದ ಸಿಂಹಗರ್ಜನೆಯಂಥ ತೇಗು ಹೊರಡಿಸುವುದು, ಇವೆಲ್ಲ ತಮ್ಮ ದಿನಚರಿ ಎಂದು ಸಹಿಸಿದ್ದೇನೆ. ನನ್ನ ಆಕ್ಷೇಪ ಇರುವುದು, ಈಚಿನ ತಿಂಗಳುಗಳಲ್ಲಿ ಪ್ರತಿ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನಾನು ಕಳಿಸಿದ ಜೇನುತುಪ್ಪವನ್ನು ತಾವು ಬರಮಾಡಿಕೊಂಡ ರೀತಿಗೆ.

ಲಿಫ್ಟ್ ರಿಪೇರಿಯ ಕೆಲಸದಲ್ಲಿದ್ದ ನನ್ನ ಮಗ ನಮ್ಮ ತಾರಸಿಯ ಮೇಲೆ ಪೆಟ್ಟಿಗೆಗಳನ್ನಿಟ್ಟು ಸಾಕಿದ ಹುಳುಗಳ ಜೇನು ಅದು. ಹೊಟ್ಟೆಯ ಸೋಂಕಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲವೆಂದು ಅವನು ಊಟಕ್ಕೆ ಕುಳಿತಾಗಲೆಲ್ಲ ವಾದಿಸುತ್ತಿದ್ದ. ಕಾಲೇಜಿನ ಚರ್ಚಾಸ್ಪರ್ಧೆಗಳ ಪಾರಿತೋಷಕಗಳನ್ನು ಇಂದಿಗೂ ಒರೆಸಿಡುವ ನಾನು ಅವನನ್ನು ಅಷ್ಟೇ ಸಲ ಮಣ್ಣುಮುಕ್ಕಿಸುತ್ತಿದ್ದೆ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕ್ರಿಮಿ ಸೊರಗಿದರೆ ಮನುಷ್ಯನ ಹೊಟ್ಟೆಯಲ್ಲೂ ಸಾಯುತ್ತದೆಂಬುದಕ್ಕೆ ಆಧಾರವೇನು ಎಂದು ನಾನು ಗುಡುಗಿದರೆ, "ಅಪ್ಪಾ, ಮೊದಲು ಒಂದು ಚಮಚ ತಿನ್ನಿ, ಆಮೇಲೆ ಭಾಷಣ ಮಾಡಿ" ಎಂದು ಬಾಟಲಿಯನ್ನು ನನ್ನ ಕಡೆ ಸರಿಸುತ್ತಿದ್ದ. ನಾನು ಅದನ್ನು ವಾಪಸ್ಸು ಸರಿಸುತ್ತಿದ್ದೆ. ಕಳೆದ ವರ್ಷ ರಸ್ತೆ ಅಪಘಾತದಲ್ಲಿ ಅವನು ತೀರಿಕೊಂಡ, ಚರ್ಚೆ ಮುಗಿಯಲಿಲ್ಲ.

ಅನಂತರ ತಮ್ಮ ಆಗಮನವಾಯಿತು, ವೈದ್ಯೆ ಮಾತ್ರೆ ಬರೆದುಕೊಟ್ಟರು. ಆದರೆ ಮಾನ್ಯರೇ, ಎದುರು ಪಕ್ಷದ ಭಾಷಣಕಾರ ಬಾರದೆ ದಕ್ಕಿದ ಗೆಲುವನ್ನು ನಾನು ಎಂದೂ ಗೆಲುವೆಂದು ಒಪ್ಪಿದವನಲ್ಲ. ಅಂಥ ದಿನಗಳಲ್ಲಿ ನಾನೇ ಆ ಕಡೆಯ ಕುರ್ಚಿಗೆ ಹೋಗಿ ಅವರ ವಾದವನ್ನೂ ಮಂಡಿಸಿ ಬರುತ್ತಿದ್ದೆ. ಅದೇ ನಿಯಮದಂತೆ ಮಾತ್ರೆಗಳನ್ನು ಕಪಾಟಿಗೆ ಹಾಕಿ ಮಗನ ಪಕ್ಷ ಹಿಡಿದೆ. "ಅವನಿದ್ದಾಗ ಬೆರಳದ್ದಿ ನೋಡ್ಲಿಲ್ಲ, ಈಗ ಕರಡಿ ಹಾಗೆ ನೆಕ್ತೀರಲ್ಲ" ಎಂದು ನನ್ನ ಹೆಂಡತಿ ಅಂದರೆ, ಚಮಚಕ್ಕೆ ಅಂಟಿದ್ದನ್ನು ಇನ್ನೊಮ್ಮೆ ನೆಕ್ಕುತ್ತಿದ್ದೆ.

ಇಷ್ಟಾದರೂ ತಾವು ಕದಲಲಿಲ್ಲ. ಆಮ್ಲದ ಮಡುವಿನಲ್ಲಿ ಸಂಸಾರ ಹೂಡುವ ಎದೆಗಾರಿಕೆ, ಗಂಟೆ ಹೊಡೆದರೂ ವೇದಿಕೆ ಬಿಡದ ಹಟ, ಎದುರಾಳಿಯ ಒಂದೇ ಒಂದು ಪ್ರಶ್ನೆಗೂ ಉತ್ತರಿಸದ ಗಾಂಭೀರ್ಯ: ನನ್ನ ಕಾಲದಲ್ಲಿ ತಮ್ಮಂಥವರು ಒಬ್ಬರಿದ್ದಿದ್ದರೆ ನನಗೆ ಸಮಾಧಾನಕರ ಬಹುಮಾನವೂ ಸಿಗುತ್ತಿರಲಿಲ್ಲ. ವರದಿ ನೋಡಿದ ವೈದ್ಯೆ, "ಜೇನು ತಿನ್ನಿ, ಬೇಡ ಅನ್ನಲ್ಲ. ಆದರೆ ಇನ್ನೂ ಮಾತ್ರೆ ಬಿಟ್ಟರೆ ಹುಣ್ಣು ಬಲಿತು ಹೊಟ್ಟೆ ತೂತಾಗುತ್ತೆ, ಆಗ ಯಾರ ಹತ್ತಿರ ವಾದ ಮಾಡ್ತೀರಿ?" ಎಂದರು. ಆಧಾರ ಅವರ ಕಡೆಗಿದೆ. ಅಂದರೆ ನಾನು ಗೆದ್ದೆ, ಮಗ ಸೋತ. ಇಷ್ಟು ಬೇಡವಾದ ಗೆಲುವನ್ನು ನನಗೆ ಯಾವ ತೀರ್ಪುಗಾರರೂ ಕೊಟ್ಟಿರಲಿಲ್ಲ. ಅದನ್ನು ತಾವು ಕೊಟ್ಟಿರೆಂಬುದೇ ನನ್ನ ದೂರು.

ಇಂದು ಸಂಜೆಯಿಂದ ಮಾತ್ರೆಗಳು ಬರಲಿವೆ, ತಾವು ಹೊರಡಬೇಕಾಗುತ್ತದೆ. ಹೊರಡುವುದು ಹೇಗೂ ಇರುವಾಗ, ಮೊದಲ ಮಾತ್ರೆ ಗಂಟಲಿಳಿಯುವ ಮುನ್ನವೇ, ಜೇನಿಗೆ ಸೋತೆವೆಂದು ಒಂದು ಮಾತು ಹೇಳಿ ಎದ್ದು ಹೋಗಲು ತಮಗೇನು ನಷ್ಟ? ಸುಳ್ಳಾದರೂ ಚಿಂತೆಯಿಲ್ಲ, ಜೀವಮಾನದಲ್ಲಿ ಇದೊಂದು ಸಲ ನಾನು ಆಧಾರ ಕೇಳುವುದಿಲ್ಲ.

ಒಲ್ಲದ ಮನಸ್ಸಿನಿಂದ ತಮ್ಮನ್ನು ಮೂರು ಹೊತ್ತು ಸಾಕುತ್ತಿರುವ,
ತಮ್ಮ ವಿಶ್ವಾಸಿ,
ಈ ಹೊಟ್ಟೆಯ ನಿಜವಾದ ಯಜಮಾನ

ತಾ.ಕ.: ಮಾತ್ರೆಗಳಲ್ಲೊಂದು ತಗಡು ನೆಕ್ಕಿದಂತೆ ಬಾಯಿ ಕೆಡಿಸುತ್ತದಂತೆ; ಅದರ ಮೇಲೆ ಒಂದು ಚಮಚ ಜೇನು ತಿನ್ನುವವನಿದ್ದೇನೆ. ತಮ್ಮ ಮೇಲೆ ಮತ್ತೆ ದಂಡೆತ್ತಿ ಬಂದೆನೆಂದು ಗಾಬರಿಯಾಗಬೇಡಿ, ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲಿ. ಅದರಲ್ಲಿ ತಮಗೆ ಪಾಲಿಲ್ಲ.