ಮಟಮಟ ಮಧ್ಯಾಹ್ನದ ಗ್ರೀಕ್ ದೇವರು

ಬೋರ್ಡಿನ ಮೇಲೆ ಒಂದೇ ಒಂದು ಪದ ತಪ್ಪು ಬರೆದರೆ ಮುಂದೊಂದು ದಿನ ತೊಂಬತ್ತು ಕುರಿಗಳ ಮುಂದೆ ಓಡಬೇಕಾಗುತ್ತದೆ ಎಂದು ಬಿ.ಎಡ್. ಓದುವಾಗ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ!

ಆಗಿದ್ದು ಇಷ್ಟು. ಹೊಸದುರ್ಗದ ನಮ್ಮ ಕಾಲೇಜಿಗೆ ಚಿತ್ರದುರ್ಗದಿಂದ ಸಾಹೇಬರೊಬ್ಬರು ತಪಾಸಣೆಗೆ ಬಂದಿದ್ದರು. ಸ್ವಾಗತದ ಬೋರ್ಡು ಬರೆಯುವ ಭಾಗ್ಯ ಇಂಗ್ಲಿಷ್ ಮೇಷ್ಟ್ರಾದ ನನ್ನದು. ಆ ಭಾಷೆಯಲ್ಲಿ ಪ್ರಾಂಶುಪಾಲರಿಗೊಂದು ಪದ, ತತ್ವಕ್ಕೊಂದು ಪದ. ಕಿವಿಗೆ ಎರಡೂ ‘ಪ್ರಿನ್ಸಿಪಲ್’ ಎಂಬ ಅವಳಿ ಮಕ್ಕಳು, ಕಾಗುಣಿತ ಮಾತ್ರ ಬೇರೆ. ನಾನು ಅವಳಿಗಳನ್ನು ಅದಲುಬದಲು ಮಾಡಿ, ನಮ್ಮ ಪ್ರಾಂಶುಪಾಲ ಚಿತ್ತಯ್ಯನವರನ್ನು ದಪ್ಪಕ್ಷರದಲ್ಲಿ ತತ್ವವನ್ನಾಗಿಸಿಬಿಟ್ಟಿದ್ದೆ. ಸಾಹೇಬರು ಬೋರ್ಡು ನೋಡಿದರು, ಚಿತ್ತಯ್ಯನವರನ್ನು ನೋಡಿದರು, ನಕ್ಕರು. ಚಿತ್ತಯ್ಯನವರು ನನ್ನನ್ನು ನೋಡಿದರು, ನಗಲಿಲ್ಲ. ತತ್ವಕ್ಕೆ ಅಷ್ಟು ಸಿಟ್ಟು ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು!

ಭೀಷ್ಮನ ನಂತರ ಅಂಥ ಶಪಥವನ್ನು ಮಾಡಿದವನು ನಾನೇ. ಇನ್ನು ಇಂಗ್ಲಿಷಿನ ಯಾವ ಪದವೂ ತನ್ನ ಕುಲಗೋತ್ರ ಹೇಳದೆ ನನ್ನ ಬಾಯಿಂದ ಹೊರಡಕೂಡದು! ಚಿತ್ರದುರ್ಗಕ್ಕೆ ಹೋಗಿ ಪದಗಳ ಮೂಲ ಹೇಳುವ, ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತಂದೆ. ತೆರೆದರೆ ಪುಟಪುಟಕ್ಕೂ ಗ್ರೀಕ್ ದೇವರುಗಳು. ಒಬ್ಬೊಬ್ಬರನ್ನೇ ಅಡುಗೆಮನೆಗೆ ಕರೆತಂದು ಹೆಂಡತಿ ಮುದ್ದಕ್ಕನಿಗೆ ಪರಿಚಯಿಸತೊಡಗಿದೆ.

“ಕೇಳೇ, ಆಕಾಶ ಹೊತ್ತು ನಿಂತವನು ಅಟ್ಲಾಸ್. ಅದಕ್ಕೇ ಭೂಪಟದ ಪುಸ್ತಕಕ್ಕೆ ಅವನ ಹೆಸರು!”

“ದಿನಾ ಹತ್ತು ಕೊಡ ನೀರು ಹೊರೋಳು ನಾನು. ನನ್ನೆಸರು ಯಾವ ಪುಸ್ತಕಕ್ಕೂ ಇಟ್ಟಿಲ್ವಲ್ರಿ? ದಸರಾ ರಜಕ್ಕೆ ಹಟ್ಟಿಗೆ ಹೋಗಾಣ ನಡೀರಿ. ಇದನ್ನೆಲ್ಲ ನಮ್ಮಪ್ಪನ ಮುಂದೆ ಹೇಳ್ರಿ. ಕುರಿ ಕಾಯೋರಿಗೆ ಪುರಸೊತ್ತು ಇರ್ತೈತೆ.”

ಶ್ರೀರಾಂಪುರದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಹಟ್ಟಿ. ಮುದ್ದಕ್ಕನ ಅಪ್ಪ ಜುಂಜಯ್ಯ ನನಗೆ ಸೋದರಮಾವನೂ ಹೌದು. ಕುರಿಗಳೊಡನೆ ಬೆಳೆದ ಆತ, ಮಾತಿನಲ್ಲಿ ಕುರಿಗಳಿಗಿಂತಲೂ ಮಿತವ್ಯಯಿ. ಮರುದಿನ ಮಧ್ಯಾಹ್ನ ಹುಣಸೆಮರದ ಕೆಳಗೆ ಮಂದೆ ಮಲಗಿತ್ತು. ಮಾವ ಕೋಲೂರಿ ಕುಳಿತಿದ್ದ. ಇಂಥ ಶ್ರೋತೃ ಮತ್ತೆಲ್ಲಿ ಸಿಕ್ಕಾನು?

“ಮಾವ, ಗ್ರೀಕರಲ್ಲಿ ಕುರಿ ಕಾಯೋರಿಗೇ ಒಬ್ಬ ದೇವ್ರು ಇದ್ದ. ಹೆಸರು ಪ್ಯಾನ್. ಸೊಂಟದಿಂದ ಕೆಳಗೆ ಮೇಕೆ, ಮೇಲೆ ಮನುಷ್ಯ. ಕೊಂಬು, ಗಡ್ಡ ಎರಡೂ ಅವೆ. ಮಟಮಟ ಮಧ್ಯಾಹ್ನ ಮಲಗ್ತಾನೆ. ಆಗ ಯಾರಾದ್ರೂ ಸದ್ದು ಮಾಡಿ ಎಬ್ಬಿಸಿದ್ರೋ, ಒಂದು ಕೂಗು ಹಾಕ್ತಾನೆ. ಕಾರಣವೇ ಇಲ್ದೆ ಇಡೀ ಮಂದೆ ದಿಕ್ಕಾಪಾಲು! ಅದಕ್ಕೇ ಆ ಭಯಕ್ಕೆ ಇಂಗ್ಲಿಷಲ್ಲಿ ಪ್ಯಾನಿಕ್ ಅಂತಾರೆ.”

ಮಾವ ಮಂದೆಯತ್ತ ನೋಡಿದ. “ಕುರಿ ಕಾಯೋ ದೇವ್ರು ಕುರೀನೇ ಬೆದರಿಸ್ತಾನಾ?”

“ಹೂಂ ಮಾವ.”

“ಅಂಥೋನ್ನ ನಾವಾಗಿದ್ರೆ ಕೆಲಸಕ್ಕೆ ಇಟ್ಕಂತಿರಲಿಲ್ಲ,” ಎಂದು ಎದ್ದ. “ಹಟ್ಟಿಗೋಗಿ ಬುತ್ತಿ ತರ್ತೀನಿ. ಮಂದೆ ನೋಡ್ಕಂತೀರಾ ಮೇಷ್ಟ್ರೇ?”

“ಎಂಬತ್ತು ಹುಡುಗ್ರನ್ನ ಕಾಯೋನಿಗೆ ತೊಂಬತ್ತು ಕುರಿ ಯಾವ ಲೆಕ್ಕ ಮಾವ?”

ಬಿಸಿಲಿಗೆಂದು ಮಾವ ತನ್ನ ಕಂಬಳಿಯನ್ನು ಕೊಪ್ಪೆ ಮಾಡಿ ನನ್ನ ತಲೆಗೇರಿಸಿದ. “ಹದಿನೆಂಟು ಗಬ್ಬದ ಕುರಿ ಅವೆ. ಓಡಿದ್ರೆ ಕಂದು ಹಾಕ್ತಾವೆ, ಈ ವರ್ಸದ ಮರಿ ಅಷ್ಟೂ ಹೋಗ್ತೈತೆ. ಏನೇ ಆಗ್ಲಿ, ನೀವು ಏಳಬ್ಯಾಡ್ರಿ. ಕಂಬಳಿ ಕುಂತಿದ್ರೆ ಮಂದೆ ಕುಂತಿರ್ತೈತೆ.”

ಮಾವ ಮರೆಯಾದ. ಗಾಳಿ ನಿಂತಿತು. ಎಲೆ ಅಲುಗಲಿಲ್ಲ, ಹಕ್ಕಿ ಕೂಗಲಿಲ್ಲ. ಪುಸ್ತಕದಲ್ಲಿ ಬರೀ ಪದವಾಗಿದ್ದ ದೇವರಿಗೆ ಇಲ್ಲಿ ಒಂದೊಂದೇ ಕೊಂಬು ಮೂಡತೊಡಗಿತು! ಮಲಗಿರುವವನು ಎಲ್ಲಿ ಮಲಗಿರಬಹುದು? ಆ ಬಂಡೆಯ ಹಿಂದೆಯೇ? ನನ್ನ ಬೆನ್ನ ಹಿಂದೆಯೇ? ಉಸಿರನ್ನೂ ಕಂತಿನಲ್ಲಿ ಬಿಡತೊಡಗಿದೆ. ಅಷ್ಟರಲ್ಲಿ ಕಂಬಳಿಯ ಉಣ್ಣೆ ಮೂಗಿಗೆ ಹೊಕ್ಕಿತು. ಮೂಗು ಹಿಡಿದೆ, ಬಾಯಿ ಮುಚ್ಚಿದೆ, ಕುಲದೇವರನ್ನು ನೆನೆದೆ.

“ಆಆಕ್ಷೀ!”

ಎದುರಿನ ಜಾಲಿಯ ಪೊದೆ ಅಲುಗಿತು. ಮೊದಲು ಎರಡು ಕೊಂಬು. ಆಮೇಲೆ ಗಡ್ಡ. ಆಮೇಲೆ, ದೇವರೇ, ಎರಡೇ ಕಾಲಿನ ಮೇಲೆ ನೆಟ್ಟಗೆ ನಿಂತ ಆಕೃತಿ! ಅದು ನನ್ನನ್ನೇ ನೋಡುತ್ತಾ ಏನನ್ನೋ ಅಗಿಯುತ್ತಿತ್ತು.

ನಾನು ಏಳಲಿಲ್ಲ. ನನ್ನ ಕಾಲುಗಳು ಎದ್ದವು. ಅವು ಹೋದಲ್ಲಿಗೆ ನಾನೂ ಹೋದೆ!

ಹಿಂದೆ ದಡದಡ ಸದ್ದು. ಒಂದು ಜೊತೆ ಗೊರಸಲ್ಲ, ನೂರಾರು! ಓಟ ಜೋರು ಮಾಡಿದರೆ ಸದ್ದೂ ಜೋರು. ಬಲಕ್ಕೆ ತಿರುಗಿದರೆ ಸದ್ದೂ ಬಲಕ್ಕೆ. ಧೈರ್ಯ ಮಾಡಿ ಹಿಂತಿರುಗಿ ನೋಡಿದೆ. ಧೂಳಿನ ಮೋಡ, ಅದರೊಳಗೆ ತೊಂಬತ್ತು ಮುಖಗಳು, ಎಲ್ಲವೂ ನನ್ನ ತಲೆಯ ಮೇಲಿನ ಕಂಬಳಿಯನ್ನೇ ನೋಡುತ್ತಿದ್ದವು. ಆಗ ನೆನಪಾಯಿತು, ಹದಿನೆಂಟು ಗಬ್ಬದ ಕುರಿ! ಹಿಂದೆ ದೇವರು, ಮುಂದೆ ಮಾವ. ನಿಲ್ಲಲೂ ಭಯ, ಓಡಲೂ ಭಯ.

“ಕುಂತ್ಕಳ್ರೀ!”

ಬುತ್ತಿ ಹಿಡಿದು ಎದುರಿಗೆ ಬರುತ್ತಿದ್ದ ಮಾವನ ಕೂಗು. ನಾನು ಇದ್ದಲ್ಲೇ ಕುಸಿದೆ. ಕಂಬಳಿ ಕುಳಿತದ್ದೇ ತಡ, ಮಂದೆ ಗಕ್ಕನೆ ನಿಂತಿತು. ಧೂಳು ಇಳಿದ ಮೇಲೆ ನನ್ನ ಗ್ರೀಕ್ ದೇವರು ನಾಲ್ಕೂ ಕಾಲೂರಿ, ಬಾಯಲ್ಲಿ ಜಾಲಿಕಾಯಿ ಹಿಡಿದು, ನಿಧಾನವಾಗಿ ಬಂದ. ಅದು ಮಾವನದೇ ಹೋತ! ಕಾಯಿ ಎಟುಕಲಿ ಎಂದು ಮುಂಗಾಲನ್ನು ಕೊಂಬೆಗೆ ಆನಿಸಿ ನಿಂತಿತ್ತು, ಅಷ್ಟೆ.

ಮಾವ ಬುತ್ತಿ ಕೆಳಗಿಟ್ಟು ಒಂದೊಂದು ಗಬ್ಬದ ಕುರಿಯ ಹೊಟ್ಟೆಯಡಿ ಅಂಗೈ ಇಟ್ಟು, ಕಣ್ಣು ಮುಚ್ಚಿ, ಹೊತ್ತು ತೆಗೆದುಕೊಂಡು ನೋಡಿದ. ಹತ್ತನೆಯದರ ಹತ್ತಿರ ಬಹಳ ಹೊತ್ತು ನಿಂತ. ಈ ವರ್ಷದ ಮರಿಗಳನ್ನೆಲ್ಲ ಒಂದು ಸೀನಿನಲ್ಲಿ ಕಳೆದುಬಿಟ್ಟೆನೇ? ಮುದ್ದಕ್ಕನಿಗೆ ಯಾವ ಮುಖ ತೋರಿಸಲಿ? ಕೊನೆಗೆ ಹದಿನೆಂಟನೆಯದೂ ಮುಗಿಯಿತು.

“ಹೆಂಗವೆ ಮಾವ?” ಎಂದೆ.

“ಹದಿನೆಂಟೂ ನೆಟ್ಟಗವೆ. ಇನ್ನೊಂದು ಮಾತ್ರ ಭಾಳ ಬೆದರೈತೆ.”

“ಅಯ್ಯೋ! ಯಾವುದು ಮಾವ? ಅದೂ ಗಬ್ಬದ್ದಾ?”

ಮಾವ ಬುತ್ತಿಯ ಗಂಟು ಬಿಚ್ಚುತ್ತಾ ಹೇಳಿದ:

“ಅಲ್ಲ ಬಿಡ್ರಿ. ಅದು ಹೊಸದುರ್ಗದಾಗೆ ಇಂಗ್ಲಿಷ್ ಹೇಳ್ಕೊಡ್ತೈತೆ.”