ಚಪ್ಪರಕ್ಕೆ ಸಿಕ್ಕಿಬಿದ್ದ ನನ್ನ ಎತ್ತರದ ಗಾಡಿ

ಬಸ್ರೂರಿನಲ್ಲಿ ನನ್ನದೊಂದು ಪಾತ್ರೆ ಅಂಗಡಿಯಿದೆ. ಕುಕ್ಕರಿನ ಹಿಡಿ ಸಡಿಲವಾದರೆ, ಮಿಕ್ಸಿಯ ಮುಚ್ಚಳ ಕೂರದಿದ್ದರೆ, ಸ್ಟವ್ ಸರಿಯಾಗಿ ಉರಿಯದಿದ್ದರೆ ಊರಿನವರು ನೇರ ನನ್ನ ಹತ್ತಿರ ತರುತ್ತಾರೆ. ನಾನು ಗಂಭೀರವಾಗಿ ಕನ್ನಡಕ ಏರಿಸಿ, ಸ್ಕ್ರೂಡ್ರೈವರ್ ಹಿಡಿದು ಒಂದೆರಡು ಸುತ್ತು ತಿರುಗಿಸಿ ಕೊಡುತ್ತೇನೆ. ಇಷ್ಟು ವಿದ್ಯೆಯಿರುವ ಮನುಷ್ಯ ತನ್ನ ಎಸ್‌ಯುವಿ ಗಾಡಿಯನ್ನು ಮನೆಯಲ್ಲೇ ಬಿಚ್ಚಿ, ಎತ್ತರಿಸಿ, ಮತ್ತೆ ಜೋಡಿಸಬಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಗಾಡಿಯೆಂದರೆ ಏನು? ಚಕ್ರವಿರುವ ಕುಕ್ಕರು!

ಇದಕ್ಕೆಲ್ಲ ಕಾರಣ ನನ್ನ ಮಗಳು ಸಹನಾ. ಅವಳ ಮದುವೆ ನಿಶ್ಚಯವಾಗಿತ್ತು. ಕೋಟದಲ್ಲಿ ಹಾಲ್ ಕೂಡ ಗೊತ್ತಾಗಿತ್ತು. ಮದುಮಗಳನ್ನು ಕರೆದೊಯ್ಯಲು ಹೂವಿನ ಅಲಂಕಾರದ ಬಾಡಿಗೆ ಕಾರು ಹೇಳಬೇಕೆಂದು ನಾವು ಮಾತಾಡುತ್ತಿದ್ದಾಗ ಅವಳು ನಡುವೆ ಬಾಯಿ ಹಾಕಿದಳು.

"ಅಪ್ಪಯ್ಯ, ಬಾಡಿಗಿ ಕಾರ್ ಎಂತಕೆ? ನಮ್ ಗಾಡೀಲೇ ಹೋಪ. ನೀವೇ ಬಿಡ್ಕ್."

ನಾನು ಎದ್ದು ಹೊರಗೆ ಹೋಗಿ ಬಾವಿಯ ಹಗ್ಗ ಸರಿ ಮಾಡುವವನಂತೆ ಸ್ವಲ್ಪ ಹೊತ್ತು ನಿಂತೆ. ಹೆಣ್ಣು ಹೆತ್ತವರಿಗೆ ಗೊತ್ತು, ಇಂಥ ಮಾತು ಕೇಳಿದ ಮೇಲೆ ಮನುಷ್ಯ ಸ್ತಿಮಿತದಲ್ಲಿ ಇರುವುದಿಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವ ದಿನ ಅವಳನ್ನು ನಾನೇ ಕೂರಿಸಿಕೊಂಡು ಹೋಗುತ್ತೇನೆ. ನನಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಿರಲಿಲ್ಲ.

ಆದರೆ ಒಂದು ತೊಡಕಿತ್ತು. ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಹೋಗುವ ಓಣಿಯ ನಡುವೆ ಕೆಂಪುಕಲ್ಲಿನ ಒಂದು ದಿಣ್ಣೆಯಿದೆ. ನಾನೊಬ್ಬನೇ ಹೋದರೆ ಗಾಡಿ ಸುಮ್ಮನೆ ದಾಟುತ್ತದೆ. ಹೆಂಡತಿ ಸುಮತಿ ಕೂತರೆ ಸಣ್ಣಗೆ ತಾಗುತ್ತದೆ. ಸುಮತಿಯ ತವರಿನವರೆಲ್ಲ ಕೂತರೆ ಅಡಿಭಾಗ ಗರಗರನೆ ಅಳುತ್ತದೆ. ಇದು ಅವರ ಮೇಲಿನ ಟೀಕೆಯಲ್ಲ, ಬರೀ ವಿಜ್ಞಾನ. ಮದುಮಗಳು ಹೊರಡುವ ಶುಭಗಳಿಗೆಯಲ್ಲಿ ಆ ಶಬ್ದ ಕೇಳಬಾರದೆಂದು ನಾನು ತೀರ್ಮಾನಿಸಿದೆ.

ಬೊಂಬಾಯಿಯಲ್ಲಿ ಹೋಟೆಲ್ ನಡೆಸುವ ನನ್ನ ಭಾವನಿಗೆ ಫೋನು ಮಾಡಿದೆ. ಅವರಿಗೆ ಗಾಡಿಗಳ ಹುಚ್ಚು. "ಲಿಫ್ಟ್ ಕಿಟ್ ಹಾಕಿ ಮಾರಾಯ್ರೆ, ಗಾಡಿ ಆನಿ ಹಾಂಗೆ ನಿಲ್ತ್!" ಎಂದರು. ನಾಲ್ಕೇ ದಿನಗಳಲ್ಲಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಒಂದು ಭಾರವಾದ ಪೆಟ್ಟಿಗೆ ಬಂತು. ಒಳಗೆ ಸ್ಪ್ರಿಂಗಿನ ಮೇಲೆ ಕೂರಿಸುವ ದಪ್ಪ ದಪ್ಪ ಬಳೆಗಳು, ಉದ್ದನೆಯ ಬೋಲ್ಟುಗಳು, ಕಬ್ಬಿಣದ ಪಟ್ಟಿಗಳು. ನೋಡಿದರೆ ನಮ್ಮ ಅಂಗಡಿಯದೇ ಮಾಲು ಅನ್ನಿಸಿತು.

ಸುಮತಿಗೆ ಮಾತ್ರ ಹಾಗೆ ಅನ್ನಿಸಲಿಲ್ಲ.

"ಹ್ವಾಯ್, ಅದನ್ನ ಗ್ಯಾರೇಜಿಗ್ ಕೊಡಿ. ಮದಿ ಹತ್ರ ಬಂತ್."

"ಮಗಳ್ ಕೂಕಂಬ ಗಾಡಿಗೆ ಹೊರ್ಗಿನವ್ರ್ ಕೈ ಹಾಕೂಕಾಗ" ಎಂದೆ.

"ಹಾಂಗಾರೆ ಅವಳ್ ರವಿಕಿನೂ ನೀವೇ ಹೊಲಿನಿ!"

ನಾನು ಪೆಟ್ಟಿಗೆಯನ್ನು ಅಂಗಳಕ್ಕೆ ಹೊತ್ತೊಯ್ದೆ. ದೊಡ್ಡ ಕೆಲಸಕ್ಕೆ ಹೊರಟವರು ಸಣ್ಣ ಮಾತುಗಳಿಗೆ ನಿಲ್ಲಬಾರದು.

ಆ ದಿನವೇ ಪಕ್ಕದ ಮನೆಯ ಶೀನಣ್ಣ ಚಪ್ಪರದ ಅಳತೆ ಕೇಳಲು ಬಂದರು. ಮದುವೆ ಹಾಲ್‌ನಲ್ಲಾದರೂ ಮನೆಯಂಗಳದಲ್ಲಿ ಚಪ್ಪರ ಏಳದಿದ್ದರೆ ನಮ್ಮ ಕಡೆ ಅದು ಮದುವೆಮನೆ ಅನ್ನಿಸುವುದಿಲ್ಲ. ನಮ್ಮ ಗಾಡಿ ನಿಲ್ಲುವುದು ಅಂಗಳದ ಹಿಂದಿನ ಮೂಲೆಯಲ್ಲಿ. ಒಂದು ಬದಿಗೆ ಮನೆ, ಇನ್ನೊಂದು ಬದಿಗೆ ಬಾವಿಕಟ್ಟೆ. ಗಾಡಿ ಹೊರಗೆ ಹೋಗಬೇಕಾದರೆ ಚಪ್ಪರದ ಅಡಿಯಲ್ಲೇ ಹಾದುಹೋಗಬೇಕು.

"ಚಪ್ಪರ ಎಷ್ಟ್ ಎತ್ರ ಬೇಕ್? ಗಾಡಿ ಹೋಯ್ಕಲ್ದಾ?" ಎಂದು ಶೀನಣ್ಣ ಕೇಳಿದರು.

ನಾನೇ ಬಿದಿರುಕೋಲು ತಂದು ಗಾಡಿಯ ಪಕ್ಕ ನಿಲ್ಲಿಸಿ, ತಲೆಯ ಮೇಲೆ ಒಂದು ಗೇಣು ಜಾಸ್ತಿ ಬಿಟ್ಟು, ಕತ್ತಿಯಿಂದ ಗುರುತು ಹಾಕಿ ಕೊಟ್ಟೆ. ಎಷ್ಟು ಕರಾರುವಾಕ್ಕಾದ ಅಳತೆ! ಕೋಲು ಕೊಡುವಾಗ ನನ್ನ ದೂರದೃಷ್ಟಿಯ ಬಗ್ಗೆ ನನಗೇ ಗೌರವ ಮೂಡಿತು.

ಮರುದಿನ ಕೆಲಸಕ್ಕೆ ಕೈ ಹಾಕಿದೆ. ಜ್ಯಾಕ್ ಕೊಟ್ಟು, ಕೆಳಗೆ ಕಲ್ಲು ಪೇರಿಸಿ, ಮುಂದಿನ ಚಕ್ರ ಕಳಚಿದೆ. ಸ್ಪ್ರಿಂಗನ್ನು ಸಡಿಲಿಸುವವರೆಗೆ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯಿತು. ಆಮೇಲೆ ಸ್ಪ್ರಿಂಗು ನನ್ನ ಕಿವಿಯ ಪಕ್ಕದಿಂದ ಸುಂಯ್ಯನೆ ಹಾರಿ, ಬಾವಿಕಟ್ಟೆಗೆ ಬಡಿದು, ಬಾವಿಯೊಳಗೆ ಬಿತ್ತು! ಕೊಡಪಾನ ಎತ್ತುವ ಪಾತಾಳಗರಡಿಯನ್ನು ಅಂಗಡಿಯಿಂದ ತರಿಸಿ ಮಧ್ಯಾಹ್ನದವರೆಗೆ ಜಾಲಾಡಿದೆ. ಕಳೆದುಹೋಗಿದ್ದ ಎರಡು ಚೊಂಬು, ಒಂದು ಸೌಟು ಸಿಕ್ಕಿದ ನಂತರ ಸ್ಪ್ರಿಂಗು ಸಿಕ್ಕಿತು. ಸುಮತಿಗೆ ಚೊಂಬು ಸಿಕ್ಕಿದ್ದಕ್ಕೆ ಖುಷಿಯಾಯಿತು.

ಕಿಟ್ಟಿನ ಬಳೆಗಳನ್ನು ಹಾಕಿ ಮುಂಭಾಗ ಎತ್ತರಿಸಿದೆ. ದೂರ ನಿಂತು ನೋಡಿದರೆ ಗಾಡಿ ಆಕಾಶ ನೋಡುವ ಜೋಯಿಸರಂತೆ ಮುಖ ಎತ್ತಿ ನಿಂತಿತ್ತು. ಸರಿದೂಗಿಸಲು ಹಿಂಭಾಗಕ್ಕೆ ಪಟ್ಟಿ ಹಾಕಿದೆ. ಈಗ ಹಿಂಭಾಗ ಜಾಸ್ತಿಯಾಗಿ ಗಾಡಿ ನೆಲ ಮೂಸತೊಡಗಿತು. ಮುಂದೆ ಇನ್ನೊಂದು ಬಳೆ ಹಾಕಿದೆ. ಮತ್ತೆ ಮೂಗು ಮೇಲೆ. ಹಿಂದೆ ಇನ್ನೊಂದು ಪಟ್ಟಿ. ಹೀಗೆ ನಾನು ಮುಂದಕ್ಕೂ ಹಿಂದಕ್ಕೂ ನ್ಯಾಯ ಹಂಚುತ್ತಾ ಹೋದಂತೆ ಗಾಡಿ ಮಾತ್ರ ಮೇಲಕ್ಕೆ ಹೋಗುತ್ತಿತ್ತು. ಪೆಟ್ಟಿಗೆ ಖಾಲಿಯಾದಾಗ ನಾನು ನಿಲ್ಲಿಸಿದೆ. ಸಮವಾಗಿತ್ತು ಎಂದಲ್ಲ, ಹಾಕಲು ಏನೂ ಉಳಿದಿರಲಿಲ್ಲ.

ಇದರ ನಡುವೆಯೇ ಒಂದು ಬೆಳಿಗ್ಗೆ ಚಪ್ಪರದ ಮುಹೂರ್ತ. ನಾನು ಗಾಡಿಯ ಅಡಿಯಿಂದ ತೆವಳಿ ಬಂದು, ಕೈಕಾಲು ತೊಳೆದು, ಮುಹೂರ್ತದ ಕಂಬಕ್ಕೆ ಹೂವು ಅಕ್ಕಿ ಹಾಕಿ ನಮಸ್ಕರಿಸಿ, ಮತ್ತೆ ಗಾಡಿಯ ಅಡಿಗೆ ತೆವಳಿದೆ. ಆ ಕಂಬ ಒಮ್ಮೆ ನಿಂತ ಮೇಲೆ ಮದುವೆ ಮುಗಿದು, ಕೀಳುವ ದಿನ ಬರುವವರೆಗೆ ಯಾರೂ ಅದನ್ನು ಅಲುಗಿಸುವ ಹಾಗಿಲ್ಲ. ಇದು ನನಗೂ ಚೆನ್ನಾಗಿ ಗೊತ್ತಿತ್ತು.

ಮದುವೆಯ ದಿನ ಬೆಳಗಾಯಿತು. ಮಗಳು ಸೀರೆಯುಟ್ಟು ಸಿದ್ಧಳಾದಳು. ನಾನು ಜರಿಯ ಶಲ್ಯ ಹೊದ್ದು, ಗಾಡಿ ಸ್ಟಾರ್ಟ್ ಮಾಡಿ, ಗಂಭೀರವಾಗಿ ಚಪ್ಪರದ ಕಡೆಗೆ ಬಿಟ್ಟೆ. ಗಾಡಿಯ ತಲೆ ಚಪ್ಪರದ ಮೊದಲ ಅಡ್ಡಮರಕ್ಕೆ ಟಕ್ಕೆಂದು ತಾಗಿತು!

ಶೀನಣ್ಣ ಬಂದು ಮೇಲೆ ಕೆಳಗೆ ನೋಡಿದರು.

"ಚಪ್ಪರದ ಅಳತಿ ಕೊಟ್ಟದ್ ಯಾರ್?"

"ನಾನ್."

"ಆಮೇಲೆ ಗಾಡಿ ಎತ್ರ ಮಾಡದ್ ಯಾರ್?"

"ನಾನೇ."

"ಹಾಂಗಾರೆ ಚಪ್ಪರ ಸಮ ಇತ್ತ್" ಎಂದು ಹೇಳಿ ಅವರು ವೀಳ್ಯದೆಲೆಗೆ ಸುಣ್ಣ ಹಚ್ಚತೊಡಗಿದರು.

ಒಂದೇ ಒಂದು ಕಂಬ ಸ್ವಲ್ಪ ಎತ್ತಿದರೆ ಹೇಗೆ ಎಂದು ನಾನು ಮೆಲ್ಲಗೆ ಕೇಳಿದೆ. ಸುಮತಿಗೆ ಕೇಳಿಸಿತು. "ಚಪ್ಪರಕ್ಕೆ ಕೈ ಹಚ್ರೆ ಕಾಣಿ! ಹೆಣ್ಣಿನ ಬಾಳ್ ಅದ್!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮತ್ತೆ ಆ ಮಾತು ಎತ್ತಲು ನನಗೆ ಧೈರ್ಯವಾಗಲಿಲ್ಲ.

ಆಗ ನನಗೆ ವಿಜ್ಞಾನ ನೆನಪಾಯಿತು. ಭಾರ ಹಾಕಿದರೆ ಗಾಡಿ ಕುಗ್ಗುತ್ತದೆ! ಮನೆಯಲ್ಲಿ ಭಾರಕ್ಕೇನು ಕೊರತೆ, ನೆಂಟರು ತುಂಬಿದ್ದರು. ಚಪ್ಪರ ದಾಟಿದ ಮೇಲೆ ಅವರನ್ನು ಇಳಿಸಿ ಮಗಳನ್ನು ಹತ್ತಿಸಿದರಾಯಿತು. ನಾನು ಕೈ ಮುಗಿದು, ಯಾರ ಮನಸ್ಸಿಗೂ ನೋವಾಗದಂತೆ, ಆರಿಸಿ ಆರಿಸಿ ಕರೆದೆ. ಬಾರ್ಕೂರಿನ ಚಿಕ್ಕಪ್ಪ ಮುಂದಿನ ಸೀಟಿನಲ್ಲಿ ಕೂತರು. ಸುಮತಿಯ ಅಣ್ಣಂದಿರು ಹಿಂದೆ ಕೂತರು. ಉಳಿದವರನ್ನು ಡಿಕ್ಕಿಯಲ್ಲಿ ಕೂರಿಸಿ, ಅವರ ಮಡಿಲಿಗೆ ಹುಲ್ಲಿನಲ್ಲಿ ಕಟ್ಟಿದ ಒಂದೊಂದು ಭಾರದ ಅಕ್ಕಿಮುಡಿ ಇಟ್ಟೆ. ಗಾಡಿ ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ತಲೆಗೂ ಅಡ್ಡಮರಕ್ಕೂ ಎರಡು ಬೆರಳು ಜಾಗ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೊದಲ ಅಡ್ಡಮರ ದಾಟಿತು. ಎರಡನೆಯದೂ ದಾಟಿತು. ಚಪ್ಪರದ ನಟ್ಟನಡುವೆ ಬಂದಾಗ ಮುಂದಿನ ಮರ ಸ್ವಲ್ಪ ತಗ್ಗಿದೆಯೋ ಎಂದು ಪರೀಕ್ಷಿಸಲು ನಾನು ಗಾಡಿ ನಿಲ್ಲಿಸಿ ಇಳಿದೆ.

ಅಷ್ಟು ಹೊತ್ತಿಗೆ ಅಡುಗೆಯವರು ಜಗಲಿಗೆ ಬಂದು ಕೂಗಿದರು: "ಬಿಸಿಬಿಸಿ ಕಡಬು ಇಳ್ಸಿದ್ದ್! ತಿಂಬರ್ ಬನಿ!"

ನಾನು "ಇಳಿಬೇಡಿ!" ಎನ್ನುವುದರೊಳಗೆ ನಾಲ್ಕೂ ಬಾಗಿಲು ತೆರೆದುಕೊಂಡವು. ಚಿಕ್ಕಪ್ಪ ಇಳಿದರು. ಭಾವಂದಿರು ಇಳಿದರು. ಡಿಕ್ಕಿಯವರು ಅಕ್ಕಿಮುಡಿಯ ಸಮೇತ ಇಳಿದರು. ಗಾಡಿ ನಿಧಾನವಾಗಿ, ಘನತೆಯಿಂದ ಮೇಲೆದ್ದಿತು. ಎರಡು ಅಡ್ಡಮರಗಳ ನಡುವೆ ತಲೆ ತೂರಿಸಿ, ಹೆಣೆದ ತೆಂಗಿನ ಗರಿಗಳನ್ನೂ ಮಾವಿನ ತೋರಣವನ್ನೂ ಹೊತ್ತು ನಿಂತಿತು. ಮುಂದೆ ಹೋದರೂ ಮರ, ಹಿಂದೆ ಬಂದರೂ ಮರ. ಎಳೆದರೆ ಮುಹೂರ್ತದ ಕಂಬ ಸಮೇತ ಚಪ್ಪರ ಬರುತ್ತದೆ.

"ಮತ್ತೊಂದ್ಸಲ ಕೂಕಣಿ" ಎಂದು ಬೇಡಿಕೊಂಡೆ. "ಕಡಬು ತಿಂದ್ಕಂಡ್ ಬತ್ತೆ" ಎಂದು ಚಿಕ್ಕಪ್ಪ ಹೇಳಿದರು. ಆದರೆ ಗಾಡಿ ಮೇಲೆದ್ದಿದ್ದರಿಂದ ಬಾಗಿಲುಗಳ ಮೇಲಂಚು ಈಗ ಚಪ್ಪರದ ಮರಗಳಿಗೆ ತಾಗಿ, ಅವು ಒಬ್ಬ ಮನುಷ್ಯ ತೂರುವಷ್ಟೂ ತೆರೆಯಲಿಲ್ಲ. ಮುಹೂರ್ತ ಮೀರುತ್ತಿತ್ತು. ಶೀನಣ್ಣ ಓಣಿಯ ತುದಿಯಿಂದ ಒಂದು ರಿಕ್ಷಾ ಕರೆತಂದರು.

ಮಗಳು, ಸುಮತಿ, ಸುಮತಿಯ ಒಬ್ಬರು ಅತ್ತಿಗೆ ಹಿಂದೆ ಕೂತರು. ನಾನು ಶಲ್ಯ ಸುತ್ತಿಕೊಂಡು ಡ್ರೈವರನ ಪಕ್ಕ ಅರ್ಧ ಕುಳಿತೆ, ಇನ್ನರ್ಧ ಹೊರಗಿತ್ತು. ಮಗಳು ನನ್ನ ಹತ್ತಿರ ಕೇಳಿದ್ದು ಗಾಡಿ ಬಿಡುವುದೊಂದನ್ನೇ, ಅದನ್ನೂ ನಾನು ಕೈಯಾರೆ ಕೆಡಿಸಿದ್ದೆ. ಕನ್ನಡಿಯಲ್ಲಿ ನೋಡಿದರೆ ಅವಳು ನನ್ನನ್ನೇ ನೋಡುತ್ತಿದ್ದಳು.

"ಅಪ್ಪಯ್ಯ, ಬೇಜಾರ್ ಮಾಡ್ಕಣ್ಬೇಡಿ" ಎಂದಳು. ಆಮೇಲೆ ತಡೆಯಲಾರದೆ ನಕ್ಕಳು. ನಗುತ್ತಲೇ ಅತ್ತಳು. ಕೋಟದವರೆಗೂ ನಾವೆಲ್ಲ ಅದನ್ನೇ ಮಾಡಿದೆವು, ರಿಕ್ಷಾದವನೂ ಸೇರಿ.

ಮದುವೆ ಸಾಂಗವಾಗಿ ಆಯಿತು. ಒಳ್ಳೆಯ ದಿನ ನೋಡಿ ಚಪ್ಪರ ಬಿಚ್ಚಿದ ಮೇಲೆ ಗಾಡಿಗೆ ಬಿಡುಗಡೆ ಸಿಕ್ಕಿತು. ಸ್ವಲ್ಪ ಸಮಯದ ನಂತರ ಮಗಳು ತವರಿಗೆ ಬಂದಳು. ಬ್ರಹ್ಮಾವರದ ಗಂಡನ ಮನೆಗೆ ವಾಪಸು ಹೊರಟಾಗ ನಾನು ಗಾಡಿ ತೊಳೆದು, ಒರೆಸಿ, ಬಾಗಿಲ ಮುಂದೆ ತಂದು ನಿಲ್ಲಿಸಿದೆ. ಈ ಸಲ ಅಡ್ಡಮರ ಇಲ್ಲ, ಮುಹೂರ್ತ ಇಲ್ಲ. ಇವತ್ತು ನಾನೇ ಬಿಡುತ್ತೇನೆ!

"ಹತ್ತ್ ಮಗಾ" ಎಂದೆ.

ಅವಳು ಸೀರೆಯ ನೆರಿಗೆ ಹಿಡಿದು ಒಂದು ಕಾಲು ಎತ್ತಿದಳು. ಗಾಡಿಯ ಮೆಟ್ಟಿಲು ಎಟುಕಲಿಲ್ಲ. ಸುಮತಿ ಮಣೆ ತಂದಳು. ಸಾಲಲಿಲ್ಲ. ಮಣೆಯ ಮೇಲೆ ಇನ್ನೊಂದು ಮಣೆ ಇಟ್ಟಳು. ಅದು ಜಾರಿ ಮಗಳು ನನ್ನ ಹೆಗಲ ಮೇಲೆ ಬಿದ್ದಳು.

"ಅಪ್ಪಯ್ಯ, ನಾನ್ ಬಸ್ಸಿಗ್ ಹೋತೆ. ನೀವ್ ಸ್ಟಾಪಿನ್ ತನಕ ಬನಿ, ಸಾಕ್" ಎಂದಳು.

ಅವಳ ಬ್ಯಾಗು ಹೊತ್ತು ಜೊತೆಯಲ್ಲಿ ನಡೆದೆ. ದಾರಿಯುದ್ದಕ್ಕೂ ಅವಳು ಅತ್ತೆಯ ಮನೆಯ ಸುದ್ದಿ ಹೇಳಿದಳು, ನಾನು ಹೂಂಗುಟ್ಟಿದೆ. ಬಸ್ಸು ಬಂತು. ಮಗಳು ಸಲೀಸಾಗಿ ಹತ್ತಿ ಕಿಟಕಿಯ ಪಕ್ಕ ಕೂತು ಕೈ ಬೀಸಿದಳು. ಬ್ಯಾಗನ್ನು ಬಾಗಿಲೊಳಗೆ ಇಡುವಾಗ ನಾನು ಬಸ್ಸಿನ ಮೆಟ್ಟಿಲು ನೋಡಿದೆ. ಅದು ನನ್ನ ಗಾಡಿಗಿಂತ ತಗ್ಗಾಗಿತ್ತು!

"ನೀವ್ ಹತ್ತುದಿಲ್ಯಾ?" ಎಂದು ಕಂಡಕ್ಟರ್ ಕೇಳಿದ.

"ಇಲ್ಲ ಮಾರಾಯ, ನಮ್ಮನೀಲಿ ಗಾಡಿ ಇತ್ತ್" ಎಂದು ಹೇಳಿ, ನಾನು ನಡೆದುಕೊಂಡು ಮನೆಗೆ ಬಂದೆ.